ಬಿಸಿ ಸಾರಿಗೆ ಯಾವ ಡಬ್ಬಿ, ಮೈಗೆ ಯಾವ ಕ್ರೀಮು? ಸಕ್ಕರೆ ಕಾಯಿಲೆಯ ಅಪಾಯ ಇರುವ ಹೆಣ್ಣುಮಕ್ಕಳಿಗೆ ಒಂದು ಹೋಲಿಕೆ

ಮನೆಯಲ್ಲಿ ಒಂದೇ ಒಂದು ವಸ್ತು ಬದಲಿಸಲು ದುಡ್ಡಿದೆ ಅಂದರೆ, ಬಿಸಿ ಊಟ ತುಂಬುವ ಪ್ಲಾಸ್ಟಿಕ್ ಡಬ್ಬಿಯನ್ನು ಬದಲಿಸಿ. ಎರಡನೆಯದು ಕುಡಿಯುವ ನೀರಿನ ಕ್ಯಾನು. ಮೂರನೆಯದು ಸೆಂಟು. ಸವೆದ ನಾನ್‌ಸ್ಟಿಕ್ ತವಾ ಆಮೇಲೆ. ಅಕ್ಕಿ, ಬೇಳೆ ತುಂಬಿಟ್ಟ ಪ್ಲಾಸ್ಟಿಕ್ ಡಬ್ಬಗಳ ಮೇಲೆ ಒಂದು ಪೈಸೆಯೂ ಖರ್ಚು ಮಾಡಬೇಡಿ. ಇಂಥ ವಸ್ತುಗಳಿಂದ ಮೈಗೆ ಸೇರುವ ಕೆಲವು ರಾಸಾಯನಿಕಗಳಿಗೂ ಸಕ್ಕರೆ ಕಾಯಿಲೆಗೂ ನಂಟು ಕಂಡ ಅಧ್ಯಯನಗಳಿವೆ. ಈ ಕ್ರಮ ಯಾಕೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದನ್ನು ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಅಮ್ಮನಿಗೆ ಶುಗರ್ ಇದೆ. ಬಸುರಿಯಾಗಿದ್ದಾಗ ಶುಗರ್ ಬಂದು, ಹೆರಿಗೆ ಆದಮೇಲೆ ಹೋಗಿತ್ತು. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ. ಡಾಕ್ಟರು "ಬಾರ್ಡರ್‌ನಲ್ಲಿದೆ, ನೋಡ್ಕೊಳ್ಳಿ" ಅಂದಿದ್ದಾರೆ. ಇಂಥವರು ನಮ್ಮ ಸುತ್ತ ಎಷ್ಟೊಂದು ಜನ ಇದ್ದಾರೆ ಅಲ್ವಾ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅನ್ನ ಕಡಿಮೆ ಮಾಡಿ, ದಿನಾ ನಡೀರಿ ಅಂತ ಇವರಿಗೆ ಎಲ್ಲರೂ ಹೇಳುತ್ತಾರೆ. ಆ ಅನ್ನವನ್ನು ಯಾವುದರಲ್ಲಿ ಕಟ್ಟಿಕೊಂಡು ಹೋಗ್ತೀರಿ ಅಂತ ಯಾರೂ ಕೇಳುವುದಿಲ್ಲ.

ಯಾವ ರಾಸಾಯನಿಕ, ಎಲ್ಲಿಂದ

ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ಒಂದು, ಬಿಪಿಎ. ಗಟ್ಟಿಯಾಗಿ, ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ, ತಗಡಿನ ಡಬ್ಬಿಗಳ ಒಳಗಿನ ಲೇಪದಲ್ಲಿ, ಅಂಗಡಿಯ ನುಣುಪು ಬಿಲ್ ಕಾಗದದಲ್ಲಿ ಇರುತ್ತದೆ. ಇದು ಮೈಯೊಳಗೆ ಈಸ್ಟ್ರೋಜೆನ್ ಹಾರ್ಮೋನಿನ ವೇಷ ಹಾಕುತ್ತದೆ. ಇನ್ಸುಲಿನ್ ತಯಾರಿಸುವ ಮೇದೋಜೀರಕದ ಕೋಶಗಳಲ್ಲೂ ಈಸ್ಟ್ರೋಜೆನ್ ಕೂರುವ ಜಾಗಗಳಿವೆ. ಬಿಪಿಎ ಅಲ್ಲಿ ಹೋಗಿ ಕೂತರೆ ಇನ್ಸುಲಿನ್ ಬೇಡದ ಹೊತ್ತಲ್ಲಿ ಜಾಸ್ತಿ ಬರುತ್ತದೆ, ಬರಬರುತ್ತಾ ಮೈ ಅದಕ್ಕೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಿದ್ದಾರೆ.

ಎರಡು, ಥ್ಯಾಲೇಟ್. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಬಳಸುತ್ತಾರೆ. ಸೆಂಟು, ಲೋಷನ್, ಶಾಂಪೂಗಳ ಪರಿಮಳ ಬೇಗ ಆರಿಹೋಗದಂತೆ ಹಿಡಿದಿಡಲೂ ಇದನ್ನು ಬಳಸುವುದುಂಟು.

ಮೂರು, ಪಿಫಾಸ್. ನೀರು, ಎಣ್ಣೆ ಅಂಟದ ಹಾಗೆ ಮಾಡುವ ಲೇಪಗಳ ದೊಡ್ಡ ಕುಟುಂಬ. ಜಿಡ್ಡು ಹೀರದ ಕಾಗದ, ನೀರು ಹಿಡಿಯದ ಬಟ್ಟೆ, ಕಲೆ ಹಿಡಿಯದ ಸೋಫಾ, ಕೆಲವು ಕಡೆ ಕುಡಿಯುವ ನೀರು, ಎಲ್ಲದರಲ್ಲೂ ಸಿಕ್ಕಿದೆ.

ಮೊದಲೆರಡು ಬಂದು ಹೋಗುವ ನೆಂಟರ ಹಾಗೆ. ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತವೆ. ಆದರೆ ನಾವು ದಿನಾ ಹೊಸದಾಗಿ ಕರೆಯುತ್ತಲೇ ಇರುತ್ತೇವೆ. ಪಿಫಾಸ್ ಹಾಗಲ್ಲ, ಬಂದರೆ ವರ್ಷಗಟ್ಟಲೆ ಝಂಡಾ ಊರುತ್ತದೆ. ಈ ವ್ಯತ್ಯಾಸ ನಮಗೆ ಉಪಯೋಗಕ್ಕೆ ಬರುತ್ತದೆ. ಬಿಪಿಎ, ಥ್ಯಾಲೇಟ್ ವಿಷಯದಲ್ಲಿ ಇವತ್ತು ಅಭ್ಯಾಸ ಬದಲಿಸಿದರೆ ಇದೇ ವಾರ ಮೈಯಲ್ಲಿ ಅವುಗಳ ಮಟ್ಟ ಇಳಿಯುತ್ತದೆ.

ಹೆಂಗಸರ ಮೇಲಿನ ಅಧ್ಯಯನಗಳು ಏನು ಹೇಳುತ್ತವೆ

ಅಮೆರಿಕದಲ್ಲಿ ಸ್ವಾನ್ ಎಂಬ ಹೆಸರಿನ ದೀರ್ಘ ಅಧ್ಯಯನವಿದೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಬಂದಿದೆ. ಅದರ 1,308 ಹೆಂಗಸರ ಮೂತ್ರದಲ್ಲಿ ಥ್ಯಾಲೇಟ್ ಅಳೆದು, 6 ವರ್ಷ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಥ್ಯಾಲೇಟ್‌ಗಳು ಜಾಸ್ತಿ ಇದ್ದ ಬಿಳಿಯ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ 30ರಿಂದ 63 ಶೇಕಡಾ ಹೆಚ್ಚಿತ್ತು. ಕಪ್ಪು ಮತ್ತು ಏಷ್ಯಾ ಮೂಲದ ಹೆಂಗಸರಲ್ಲಿ ಈ ಸಂಬಂಧ ಕಾಣಲಿಲ್ಲ. ಆ ಏಷ್ಯನ್ನರು ಚೀನೀ ಮತ್ತು ಜಪಾನೀ ಮೂಲದವರು, ನಮ್ಮವರಲ್ಲ. ಹಾಗಾಗಿ ಈ ಅಂಕಿಯನ್ನು ಎತ್ತಿ ನೇರವಾಗಿ ನಮ್ಮ ಮನೆಗೆ ತಂದಿಡುವುದು ತಪ್ಪು.

ಅದೇ ಅಧ್ಯಯನದ 1,237 ಹೆಂಗಸರ ರಕ್ತದಲ್ಲಿ ಪಿಫಾಸ್ ಕೂಡ ಅಳೆದಿದ್ದರು. 1999–2000ರಿಂದ 2017ರವರೆಗೆ ನೋಡಿದಾಗ, ಹಲವು ಬಗೆಯ ಪಿಫಾಸ್ ಒಟ್ಟಿಗೆ ಜಾಸ್ತಿ ಇದ್ದವರಿಗೆ, ಕಡಿಮೆ ಇದ್ದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಅಪಾಯ ಕಂಡಿತು. ಇಲ್ಲಿ ಹೆಣ್ಣಿಗೆ ಮಾತ್ರ ಸಂಬಂಧಿಸಿದ ಒಂದು ವಿಷಯವಿದೆ. ಮುಟ್ಟಿನ ರಕ್ತದ ಜೊತೆ ಸ್ವಲ್ಪ ಪಿಫಾಸ್ ಮೈಯಿಂದ ಹೊರಗೆ ಹೋಗುತ್ತದೆ. ಮುಟ್ಟು ನಿಂತಮೇಲೆ ಆ ದಾರಿ ಮುಚ್ಚುತ್ತದೆ. ಸಕ್ಕರೆ ಕಾಯಿಲೆಯ ಅಪಾಯ ಏರುವುದೂ ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ.

ಬಿಪಿಎ ಬಗ್ಗೆ ಅಮೆರಿಕದ ನರ್ಸ್‌ಗಳ ಅಧ್ಯಯನದ ವರದಿ 2014ರಲ್ಲಿ ಬಂತು. ಚಿಕ್ಕ ವಯಸ್ಸಿನ ನರ್ಸ್‌ಗಳ ಗುಂಪಿನಲ್ಲಿ ಬಿಪಿಎ ಅತಿ ಹೆಚ್ಚು ಇದ್ದವರಿಗೆ ಅಪಾಯ ಸುಮಾರು ಎರಡು ಪಟ್ಟು ಇತ್ತು. ವಯಸ್ಸಾದವರ ಗುಂಪಿನಲ್ಲಿ ಅಂಥದ್ದೇನೂ ಕಾಣಲಿಲ್ಲ.

ಇವೆಲ್ಲ ಜೊತೆಜೊತೆಗೆ ಕಂಡದ್ದು. ಇದರಿಂದಲೇ ಅದು ಬಂತು ಅಂತ ಸಾಬೀತಾದದ್ದಲ್ಲ. ಪ್ಯಾಕೆಟ್ ತಿಂಡಿ ಜಾಸ್ತಿ ತಿನ್ನುವವರ ಮೈಯಲ್ಲಿ ಥ್ಯಾಲೇಟೂ ಜಾಸ್ತಿ, ಸಕ್ಕರೆಯೂ ಜಾಸ್ತಿ. ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಆದರೂ ನನ್ನ ಅಭಿಪ್ರಾಯ ಇಷ್ಟು: ಖರ್ಚಿಲ್ಲದೆ ಅಥವಾ ಕಡಿಮೆ ಖರ್ಚಿನಲ್ಲಿ ತಪ್ಪಿಸಬಹುದಾದ್ದನ್ನು ತಪ್ಪಿಸಲು ಪೂರ್ತಿ ಸಾಬೀತಾಗುವವರೆಗೆ ಕಾಯಬೇಕಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೇ 2023ರಲ್ಲಿ ಬಿಪಿಎಯ ಸುರಕ್ಷಿತ ದಿನದ ಮಿತಿಯನ್ನು ಒಂದೇ ಸಲಕ್ಕೆ 20,000 ಪಟ್ಟು ಇಳಿಸಿತು.

ಬಿಸಿ ಊಟದ ಡಬ್ಬಿ: ಸ್ಟೀಲು, ಗಾಜು, ಪ್ಲಾಸ್ಟಿಕ್, ‘ಬಿಪಿಎ-ಫ್ರೀ'

ಹುಳಿ ತುಂಬಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹುಳಿ ನಿಂತಿದ್ದ ಎತ್ತರದವರೆಗೆ ಅರಿಶಿನದ ಹಳದಿ ಹತ್ತಿರುತ್ತದೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಬೆರಳಾಡಿಸಿದರೆ ಒಗ್ಗರಣೆ ಎಣ್ಣೆಯ ಜಿಡ್ಡು ಇನ್ನೂ ಅಲ್ಲೇ ಇರುತ್ತದೆ. ಮುಚ್ಚಳದ ಅಂಚು ಮಸುಕಾಗಿ, ಸಣ್ಣ ಗೀರುಗಳು ಎದ್ದಿರುತ್ತವೆ. ಊಟದಲ್ಲಿದ್ದದ್ದು ಡಬ್ಬಿಯೊಳಗೆ ಇಳಿದಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಡಬ್ಬಿಯಲ್ಲಿದ್ದದ್ದು ಊಟಕ್ಕೆ ಇಳಿಯುವುದು ಮಾತ್ರ ಕಾಣುವುದಿಲ್ಲ.

ಹಾಗೆ ಇಳಿಯಲು ನಾಲ್ಕು ಸಂಗತಿಗಳು ಸಹಾಯ ಮಾಡುತ್ತವೆ: ಬಿಸಿ, ಜಿಡ್ಡು, ಹುಳಿ, ಹೊತ್ತು. ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2008ರಲ್ಲಿ ಪಾಲಿಕಾರ್ಬೊನೇಟ್ ಬಾಟಲಿಗೆ ಕುದಿಯುವ ನೀರು ಹಾಕಿ ನೋಡಿದರು. ತಣ್ಣೀರು ಹಾಕಿದಾಗಿಗಿಂತ ಬಿಪಿಎ 15ರಿಂದ 55 ಪಟ್ಟು ವೇಗವಾಗಿ ಹೊರಬಂತು. ಬಾಟಲಿ ಹಳೆಯದೋ ಹೊಸದೋ ಅನ್ನುವುದಕ್ಕಿಂತ ನೀರು ಎಷ್ಟು ಬಿಸಿ ಅನ್ನುವುದೇ ಮುಖ್ಯವಾಯಿತು. ನಮ್ಮ ಹುಳಿಯಲ್ಲಿ ಬಿಸಿಯೂ ಇದೆ, ಹುಣಸೆಹಣ್ಣೂ ಇದೆ, ಒಗ್ಗರಣೆಯೂ ಇದೆ. ಬೆಳಿಗ್ಗೆ ಎಂಟಕ್ಕೆ ತುಂಬಿ ಮಧ್ಯಾಹ್ನ ಒಂದಕ್ಕೆ ತೆಗೆದರೆ ಹೊತ್ತೂ ಸೇರಿತು.

ಸ್ಟೀಲು ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು ಅನ್ನುವುದು ನನ್ನ ತೀರ್ಮಾನ. ಒಡೆಯುವುದಿಲ್ಲ, ಬಿಸಿಗೆ ಅಂಜುವುದಿಲ್ಲ, ತಲೆಮಾರು ಬಾಳುತ್ತದೆ. ಅಜ್ಜಿಯ ಕಾಲದ ಟಿಫನ್ ಕ್ಯಾರಿಯರ್ ಅಟ್ಟದ ಮೇಲಿದ್ದರೆ ಇಳಿಸಿ ತೊಳೆದುಕೊಳ್ಳಿ, ಹೊಸದು ಬೇಕಿಲ್ಲ. ಕೊರತೆ ಒಂದೇ, ಮೈಕ್ರೋವೇವ್‌ನಲ್ಲಿ ಇಡುವ ಹಾಗಿಲ್ಲ. ಆಫೀಸಿನಲ್ಲಿ ಬಿಸಿ ಮಾಡಿಕೊಳ್ಳಲೇಬೇಕು ಅನ್ನುವವರಿಗೆ ಬಿಸಿ ತಡೆಯುವ ಬೊರೊಸಿಲಿಕೇಟ್ ಗಾಜಿನ ಡಬ್ಬಿ ಸರಿ. ಅದರ ಮುಚ್ಚಳ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಬಿಸಿ ಮಾಡುವಾಗ ಮುಚ್ಚಳ ತೆಗೆದು ತಟ್ಟೆ ಮುಚ್ಚಿ. ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಗಾಜಿನ ಭಾರ ಕಷ್ಟವೇ.

‘ಮೈಕ್ರೋವೇವ್ ಸೇಫ್' ಅಂತ ಬರೆದಿದ್ದರೆ ಡಬ್ಬಿ ಕರಗುವುದಿಲ್ಲ, ಸೊಟ್ಟಗಾಗುವುದಿಲ್ಲ ಅಂತ ಮಾತ್ರ ಅರ್ಥ. ಊಟಕ್ಕೆ ಏನೂ ಇಳಿಯುವುದಿಲ್ಲ ಅಂತ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲೇ ಪ್ಲಾಸ್ಟಿಕ್ಕಿನಲ್ಲಿ ಊಟ, ಹಾಲು ಮೈಕ್ರೋವೇವ್ ಮಾಡಬೇಡಿ ಅಂತ ಸಲಹೆ ಕೊಟ್ಟಿತು. ಪ್ಲಾಸ್ಟಿಕ್ ಯಾವ ಬಗೆಯದು ಅಂತ ತಿಳಿಸಲು ಡಬ್ಬಿಯ ತಳದ ತ್ರಿಕೋನದಲ್ಲಿ ಬರೆಯುವ ಅಂಕಿ 3, 6, 7 ಆಗಿದ್ದರೆ ಊಟಕ್ಕೆ ಬೇಡ ಅಂತಲೂ ಹೇಳಿತು.

ಇನ್ನು ‘ಬಿಪಿಎ-ಫ್ರೀ' ಅಂತ ಜಾಸ್ತಿ ಬೆಲೆಗೆ ಮಾರುವ ಡಬ್ಬಿ. ಇದಕ್ಕೆ ದುಡ್ಡು ಹಾಕಬೇಡಿ. ಬಿಪಿಎ ತೆಗೆದ ಕೆಲವು ಕಡೆ ಅದರ ಸೋದರ ಬಿಪಿಎಸ್ ಬಂದು ಕೂತಿದೆ. ಫ್ರಾನ್ಸಿನ ಒಂದು ಅಧ್ಯಯನದಲ್ಲಿ 2019ರಲ್ಲಿ ಬಿಪಿಎ, ಬಿಪಿಎಸ್ ಎರಡಕ್ಕೂ ಸಕ್ಕರೆ ಕಾಯಿಲೆಯ ಜೊತೆ ನಂಟು ಕಂಡಿತು. ಅದೇ ದುಡ್ಡಿಗೆ ಸ್ಟೀಲು ಬರುತ್ತದೆ.

ಇರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಬಿಸಾಡಬೇಡಿ. ಅಕ್ಕಿ, ಬೇಳೆ, ರಾಗಿ ಹಿಟ್ಟು, ಅವಲಕ್ಕಿ ಒಣ ಪದಾರ್ಥಗಳು. ಅಲ್ಲಿ ಬಿಸಿಯಿಲ್ಲ, ಜಿಡ್ಡಿಲ್ಲ, ಹುಳಿಯಿಲ್ಲ. ಉಪ್ಪಿನಕಾಯಿ ಮಾತ್ರ ಪ್ಲಾಸ್ಟಿಕ್ಕಿನಿಂದ ಇವತ್ತೇ ಹೊರಗೆ ಬರಲಿ. ಹುಳಿ, ಎಣ್ಣೆ, ಉಪ್ಪು ಮೂರೂ ಸೇರಿ ತಿಂಗಳುಗಟ್ಟಲೆ ಕೂರುತ್ತದೆ. ಹಿಂದಿನವರ ಪಿಂಗಾಣಿ ಭರಣಿ, ಇಲ್ಲದಿದ್ದರೆ ಹಳೇ ಜಾಮ್ ಬಾಟಲಿ. ತುಪ್ಪ, ಎಣ್ಣೆಗೂ ಇದೇ ಮಾತು.

ಹೋಟೆಲಿನ ಪಾರ್ಸೆಲ್, ಇಡ್ಲಿ, ಕಾಫಿ

ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು, ಗಾಳಿ ತುಂಬಿ, ದಾರ ಸುತ್ತಿ ಕೊಡುವುದನ್ನು ದಿನಾ ನೋಡುತ್ತೇವೆ. ಮನೆಯ ಡಬ್ಬಿಗಿಂತ ಇದು ಕೆಟ್ಟದ್ದು. ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಹೆಚ್ಚಿನ ದರ್ಶಿನಿಗಳಲ್ಲಿ ಬೇಡ ಅನ್ನುವುದಿಲ್ಲ. ಆಗದಿದ್ದರೆ ಇಡ್ಲಿ ಮಾತ್ರ ಪಾರ್ಸೆಲ್ ತಂದು, ಚಟ್ನಿ ಮನೆಯಲ್ಲಿ ರುಬ್ಬಿಕೊಳ್ಳಿ.

ಇಡ್ಲಿಯೂ ಸುಮ್ನೆ ಬಿಡುವ ವಿಷಯವಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ತಪಾಸಣೆ ಮಾಡಿದಾಗ, ಇಡ್ಲಿ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದ ಹೋಟೆಲುಗಳು 50ಕ್ಕೂ ಹೆಚ್ಚು ಸಿಕ್ಕವು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಹಬೆಯಲ್ಲಿ ಹತ್ತಿಪ್ಪತ್ತು ನಿಮಿಷ ಪ್ಲಾಸ್ಟಿಕ್ಕಿಗೆ ಅಂಟಿ ಬೇಯುವ ಹಿಟ್ಟು, ಯೋಚನೆ ಮಾಡಿ. ಬಿಳಿ ಬಟ್ಟೆ ಒಳ್ಳೆಯದು, ಎಣ್ಣೆ ಸವರಿದ ಬರೀ ಸ್ಟೀಲ್ ತಟ್ಟೆ ಇನ್ನೂ ಸುಲಭ. ಕರಾವಳಿಯವರ ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡುವ ಪುರಸೊತ್ತು ಇದ್ದರೆ ಅದಕ್ಕಿಂತ ರುಚಿ ಬೇರೆ ಇಲ್ಲ.

ಬಜ್ಜಿ, ಬೋಂಡಾ ಕಟ್ಟಿಕೊಡುವ ನ್ಯೂಸ್‌ಪೇಪರ್ ಬೇಡವೇ ಬೇಡ. ಮುದ್ರಣದ ಶಾಯಿ, ಮರುಬಳಕೆ ಕಾಗದದಲ್ಲಿ ಥ್ಯಾಲೇಟ್ ಇರಬಹುದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2016ರಲ್ಲೇ ಎಚ್ಚರಿಸಿತು. ಈಗ ನಿಯಮದಲ್ಲೇ ಅದಕ್ಕೆ ನಿಷೇಧವಿದೆ. ಬಾಳೆ ಎಲೆ, ಮುತ್ತುಗದ ಎಲೆ ಸಿಕ್ಕರೆ ಅವೇ ಮೇಲು. ಅಡಿಕೆ ಹಾಳೆಯ ತಟ್ಟೆ ಬಗ್ಗೆ ಒಂದು ಮಾತು. ಅಡಿಕೆಯಲ್ಲಿ ಸಹಜವಾಗಿಯೇ ಇರುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಅಂತ 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವುಗಳ ಆಮದನ್ನು ತಡೆಯಿತು. ಮದುವೆ ಮನೆಯಲ್ಲಿ ಅಪರೂಪಕ್ಕೆ ಉಂಡರೆ ಹೆದರಬೇಕಾಗಿಲ್ಲ ಅನ್ನುವುದು ನನ್ನ ಅನಿಸಿಕೆ. ದಿನಾ ಬಿಸಿ ಸಾರನ್ನಕ್ಕೆ ಬಳಸುವುದು ಬೇಡ.

ಕಾಫಿಗೆ ಪೇಪರ್ ಕಪ್ಪು ಕ್ಷೇಮ ಅಂತ ಹಲವರ ನಂಬಿಕೆ. ಅದರ ಒಳಗೋಡೆಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಐಐಟಿ ಖರಗ್‌ಪುರದವರು 2020ರಲ್ಲಿ 100 ಮಿ.ಲೀ. ಬಿಸಿ ನೀರನ್ನು ಅಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟು ನೋಡಿದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಸ್ಟೀಲ್ ಲೋಟ ಕೇಳಿ ಪಡೆಯಿರಿ.

ಊಟದಲ್ಲಿನ ಬದಲಾವಣೆ ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಐದು ಕುಟುಂಬಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಡಬ್ಬಿ, ಪ್ಯಾಕೆಟ್ ಆಹಾರ ಬಿಟ್ಟು ಮೂರು ದಿನ ತಾಜಾ ಅಡುಗೆ ಮಾತ್ರ ಕೊಟ್ಟರು. ಮೂತ್ರದ ಬಿಪಿಎ ಸರಾಸರಿ 66 ಶೇಕಡಾ ಇಳಿಯಿತು. ಡಿಇಎಚ್‌ಪಿ ಎಂಬ ಥ್ಯಾಲೇಟ್‌ನ ಅಂಶ ಅರ್ಧಕ್ಕಿಂತ ಕೆಳಗೆ ಬಂತು.

ನೀರಿನ ಕ್ಯಾನು

20 ಲೀಟರ್ ಕ್ಯಾನನ್ನು ಖಾಲಿಯಾದಾಗ ತಲೆಕೆಳಗು ಮಾಡಿ ತಳ ನೋಡಿ. ತ್ರಿಕೋನದಲ್ಲಿ 7 ಇದ್ದು, ಜೊತೆಗೆ ಪಿಸಿ ಅಂತ ಇದ್ದರೆ ಅದು ಪಾಲಿಕಾರ್ಬೊನೇಟ್. 1 ಇದ್ದರೆ ಪೆಟ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್, ಅದರಲ್ಲಿ ಬಿಪಿಎ ಬಳಸುವುದಿಲ್ಲ. ಎರಡರ ನಡುವೆ ಆಯ್ಕೆ ಇದ್ದರೆ 1 ಕೇಳಿ. ತೆರೆದ ಗಾಡಿಯಲ್ಲಿ ಬಿಸಿಲಿಗೆ ಕೂತು ಬರುವ ಕ್ಯಾನು ಯಾವುದಾದರೂ ಬೇಡ. ಬಂದ ತಕ್ಷಣ ಸ್ಟೀಲ್ ಕೊಳಗಕ್ಕೋ ಮಣ್ಣಿನ ಹೂಜಿಗೋ ಬಗ್ಗಿಸಿಕೊಳ್ಳಿ. ಎಲೆಕ್ಟ್ರಿಕ್ ಕೆಟಲ್ ಕೊಳ್ಳುವಾಗ ಒಳಗೆಲ್ಲ ಸ್ಟೀಲ್ ಇರುವುದನ್ನೇ ಕೊಳ್ಳಿ.

ರಾಯಚೂರು, ಯಾದಗಿರಿ ಕಡೆಯವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೋರ್‌ವೆಲ್ ನೀರಿನ ಆರ್ಸೆನಿಕ್ ಎಂಬ ವಿಷ. ಚಿನ್ನದ ಗಣಿಯ ಆ ಪಟ್ಟಿಯ ಅಂತರ್ಜಲದಲ್ಲಿ ಅದು ಸಿಕ್ಕಿದೆ. ಸುರಪುರ ಕಡೆಯ ಕಿರದಳ್ಳಿ ತಾಂಡಾದ ಜನ ಅದರಿಂದ ಚರ್ಮದ ಕಾಯಿಲೆ ಅನುಭವಿಸಿದ್ದಾರೆ. ನೀರಿನ ಆರ್ಸೆನಿಕ್ ಜಾಸ್ತಿ ಇರುವ ಬೇರೆ ದೇಶಗಳಲ್ಲಿ ಸಕ್ಕರೆ ಕಾಯಿಲೆಯೂ ಜಾಸ್ತಿ ಕಂಡಿದೆ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಾಢವಾಗುತ್ತದೆ. ಅಲ್ಲಿ ನೀರು ಪರೀಕ್ಷೆ ಮಾಡಿಸುವುದು, ಆರ್‌ಓ ಘಟಕದ ನೀರು ಬಳಸುವುದು ಮೊದಲು. ಡಬ್ಬಿ, ಸೆಂಟು ಎಲ್ಲ ಆಮೇಲೆ.

ಸೆಂಟು, ಕ್ರೀಮು, ಶಾಂಪೂ

ಇಲ್ಲಿ ಹೆಂಗಸರ ಮೈಗೆ ಗಂಡಸರಿಗಿಂತ ಈ ರಾಸಾಯನಿಕಗಳು ತಾಗುವುದು ಜಾಸ್ತಿ, ಯಾಕೆಂದರೆ ಒಂದರ ಮೇಲೊಂದು ಹಚ್ಚುತ್ತೇವೆ. ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ 100 ಹದಿಹರೆಯದ ಹುಡುಗಿಯರಿಗೆ ಮೂರು ದಿನ ಥ್ಯಾಲೇಟ್, ಪ್ಯಾರಾಬೆನ್ (ಕ್ರೀಮು, ಶಾಂಪೂ ಕೆಡದಂತೆ ಹಾಕುವ ರಾಸಾಯನಿಕ) ಇಲ್ಲದ ವಸ್ತುಗಳನ್ನು ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಸುವಾಸನೆಗೆ ಬಳಸುವ ಥ್ಯಾಲೇಟ್‌ನ ಅಂಶ 27 ಶೇಕಡಾ ಇಳಿದಿತ್ತು. ಎರಡು ಮುಖ್ಯ ಪ್ಯಾರಾಬೆನ್‌ಗಳು 40 ಶೇಕಡಾಕ್ಕೂ ಹೆಚ್ಚು ಇಳಿದಿದ್ದವು.

ಹಾಗಾದರೆ ಏನು ಬಿಡುವುದು? ತೊಳೆದು ಹೋಗುವ ಸೋಪು, ಶಾಂಪೂಗಿಂತ ಮೈಮೇಲೆ ದಿನವಿಡೀ ಉಳಿಯುವ ಲೋಷನ್, ಸೆಂಟು, ಬಾಡಿ ಸ್ಪ್ರೇ ಮೊದಲು ನೋಡಿ. ಲೇಬಲ್ಲಿನಲ್ಲಿ ‘ಫ್ರೇಗ್ರೆನ್ಸ್' ಅಥವಾ ‘ಪರ್ಫ್ಯೂಮ್' ಅಂತ ಒಂದೇ ಪದ ಇದ್ದರೆ ಅದರೊಳಗೆ ಏನೇನಿದೆ ಅಂತ ಗೊತ್ತಾಗುವುದಿಲ್ಲ. ‘ಫ್ರೇಗ್ರೆನ್ಸ್-ಫ್ರೀ' ಮತ್ತು ‘ಅನ್‌ಸೆಂಟೆಡ್' ಒಂದೇ ಅಲ್ಲ. ಎರಡನೆಯದರಲ್ಲಿ ವಾಸನೆ ಮುಚ್ಚುವ ಪರಿಮಳ ಇರಬಹುದು. ‘ಹರ್ಬಲ್' ಅನ್ನುವ ಪದಕ್ಕೆ ನಾನು ಬೆಲೆ ಕೊಡುವುದಿಲ್ಲ, ಲೇಬಲ್ಲಿನ ಹಿಂದೆ ಓದಿ. ಸ್ನಾನಕ್ಕೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ನಡೆಯುವವರಿಗೆ ಖರ್ಚೂ ಉಳಿಯಿತು. ಆಗದವರು ಸೆಂಟನ್ನು ಬಟ್ಟೆಗೆ ಹಾಕಿಕೊಳ್ಳಿ, ಚರ್ಮಕ್ಕೆ ಬೇಡ. ಬಸುರಿಯಾಗಿದ್ದಾಗ ಅದೂ ಬೇಡ.

ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಒಂದು ವಿಷಯ ಗಮನಿಸಿ. ನುಣುಪು ಬಿಲ್ ಕಾಗದದ ಬಿಪಿಎ ಕೈಗೆ ಹತ್ತುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಚರ್ಮದ ಮೂಲಕ ಜಾಸ್ತಿ ಒಳಗೆ ಹೋಗುತ್ತದೆ ಅಂತ ಮಿಸೌರಿ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದರು. ಆ ಕೆಲಸದಲ್ಲಿ ಸೋಪು ನೀರು ಮೇಲು. ಊಟಕ್ಕೆ ಮೊದಲಂತೂ ತೊಳೆಯಲೇಬೇಕು.

ನಾನ್‌ಸ್ಟಿಕ್ಕೋ ಕಬ್ಬಿಣದ ಕಾವಲಿಯೋ

ಜನ ಇದಕ್ಕೇ ಜಾಸ್ತಿ ಹೆದರುತ್ತಾರೆ. ನನಗೆ ಇದು ನಾಲ್ಕನೆಯ ಸಾಲಿನ ವಿಷಯ. ನಾನ್‌ಸ್ಟಿಕ್ ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಓಎ ಎಂಬ ಪಿಫಾಸ್ ಅನ್ನು ಅಮೆರಿಕದ ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಬಿಟ್ಟವು. 2019ರಲ್ಲಿ ಅದು ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಹದವಾದ ಉರಿಯಲ್ಲಿ ಗೀರಿಲ್ಲದ ತವಾದಿಂದ ಊಟಕ್ಕೆ ಇಳಿಯುವುದು ಕಡಿಮೆ. ಆದರೆ ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ, 260 ಡಿಗ್ರಿ ದಾಟಿದ ಮೇಲೆ ಲೇಪವೇ ಒಡೆಯಲು ಶುರುವಾಗುತ್ತದೆ. ಲೇಪ ಎದ್ದಿದ್ದರೆ ಬದಲಿಸಿ, ಬದಲಿಸುವಾಗ ಕಬ್ಬಿಣದ್ದೇ ಕೊಳ್ಳಿ. ಈರುಳ್ಳಿ ಹೋಳಿಂದ ಎಣ್ಣೆ ಸವರಿ ಪಳಗಿಸಿದ ಕಾವಲಿಯಲ್ಲಿ ದೋಸೆ ಚೆನ್ನಾಗಿಯೇ ಏಳುತ್ತದೆ. ಹುಳಿ ಪದಾರ್ಥಕ್ಕೆ ಮಾತ್ರ ಸ್ಟೀಲು.

ಇದು ಎಷ್ಟರ ಮಟ್ಟಿನದು

ಡಬ್ಬಿ ಬದಲಿಸಿದೆ, ಇನ್ನು ನಡಿಗೆ ಬೇಡ ಅಂತ ಯಾರೂ ಅಂದುಕೊಳ್ಳಬಾರದು. ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಊಟ ತಿದ್ದಿ, ನಡೆದು, ತೂಕ ಇಳಿಸಿದವರಿಗೆ ಸಕ್ಕರೆ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಯಿತು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಮ್ಮ ಜನರಲ್ಲಿ ಇದು 28.5 ಶೇಕಡಾ. ಇವು ಜನರನ್ನು ಗುಂಪು ಮಾಡಿ, ಮಾಡಿಸಿ ನೋಡಿದ ಪ್ರಯೋಗಗಳು. ಡಬ್ಬಿ, ಸೆಂಟು ಬದಲಿಸಿದರೆ ಸಕ್ಕರೆ ಕಾಯಿಲೆ ಇಷ್ಟು ತಪ್ಪುತ್ತದೆ ಅಂತ ಹಾಗೆ ತೋರಿಸಿದ ಪ್ರಯೋಗ ಇಲ್ಲ. ಅದಕ್ಕೇ ಜಿಮ್ಮಿಗೆ, ತರಕಾರಿಗೆ ಇಟ್ಟ ದುಡ್ಡನ್ನು ಗಾಜಿನ ಡಬ್ಬಿ ಸೆಟ್ಟಿಗೆ ಹಾಕಬೇಡಿ. ಎಷ್ಟೋ ಸಲ ಎರಡೂ ಒಂದೇ ಕೆಲಸದಲ್ಲಿ ಆಗುತ್ತವೆ. ಪ್ಯಾಕೆಟ್ ಕುರುಕಲು ಬಿಟ್ಟು ಸೌತೆಕಾಯಿ ತಿಂದರೆ ಥ್ಯಾಲೇಟೂ ಕಡಿಮೆ, ಸಕ್ಕರೆಯೂ ಕಡಿಮೆ.

ಎದೆಹಾಲು ಕುಡಿಸುವ ತಾಯಂದಿರು ಇದನ್ನು ಓದಿ ಹೆದರಿ ಹಾಲು ನಿಲ್ಲಿಸಬೇಡಿ. ಅದರ ಲಾಭವೇ ದೊಡ್ಡದು, ತಾಯಿಗೂ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುತ್ತದೆ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡಿಸುವ ಪರೀಕ್ಷೆ ಮಾಡಿಸಿ. ಮಗುವಿನ ಲಸಿಕೆಗೆ ಆಸ್ಪತ್ರೆಗೆ ಹೇಗೂ ಹೋಗುತ್ತೀರಿ, ಅದೇ ದಿನ ಖಾಲಿ ಹೊಟ್ಟೆಯಲ್ಲಿ ಹೋದರೆ ಎರಡೂ ಮುಗಿಯುತ್ತದೆ. ವರದಿ ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿಸಿಕೊಳ್ಳಬೇಕು.